ಸಾವಿರದ ಇನ್ನೂರು ಗಂಟೆ

ಜೂನ್ 3, ಸೋಮವಾರ

ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಇವತ್ತು ಒಂದು ಚೀಟಿ ಬರೆದುಕೊಟ್ಟರು. ನಾನು ಅದನ್ನು ಜೇಬಿಗಿಟ್ಟುಕೊಂಡು ಸೀದಾ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತೆ. ಕಿಟಕಿ ಹತ್ತಿರ ಬಂದಾಗ ಬಿಡಿಸಿ ನೋಡಿದರೆ ಕಂಪ್ಯೂಟರಿನ ಭಾಗಗಳು. ಪ್ರೊಸೆಸರ್ ಇಂಥದ್ದು, ಮೆಮೊರಿ ಇಷ್ಟು, ಗ್ರಾಫಿಕ್ಸ್ ಕಾರ್ಡ್ ಇದಕ್ಕಿಂತ ಕಡಿಮೆಯದು ಬೇಡ. ನನ್ನ ಹೆಂಡತಿ ಪಕ್ಕದಲ್ಲಿ ನಿಂತು ನನಗಿಂತ ಮೊದಲೇ ಓದಿ ಮುಗಿಸಿದ್ದಳು. ಅವಳ ಭುಜ ಕುಣಿಯುತ್ತಿತ್ತು. ಅದು ನಗು. ಮಾರ್ಚ್‌ನಲ್ಲಿ ಧ್ವನಿಪೆಟ್ಟಿಗೆಯನ್ನು ತೆಗೆದ ಮೇಲೆ ಇವಳ ನಗುವಿಗೆ ಸದ್ದಿಲ್ಲ.

ಮೇಡಂ ಹೇಳಿದ್ದಿಷ್ಟು. ಒಂದು ಪ್ರೋಗ್ರಾಂ ಇದೆಯಂತೆ. ಇವಳ ಹಳೆಯ ಧ್ವನಿಯನ್ನು ಕೇಳಿಸಿದರೆ ಅದು ಕಲಿತುಕೊಳ್ಳುತ್ತದೆ, ಆಮೇಲೆ ಇವಳು ಟೈಪ್ ಮಾಡಿದ್ದನ್ನು ಇವಳದೇ ಧ್ವನಿಯಲ್ಲಿ ಹೇಳುತ್ತದೆ. ಅದಕ್ಕೆ ತಕ್ಕಮಟ್ಟಿಗೆ ಗಟ್ಟಿಯಾದ ಕಂಪ್ಯೂಟರ್ ಬೇಕು. ನಮ್ಮದು ಹನ್ನೆರಡು ವರ್ಷದ್ದು, ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಹಳೆಯ ರೆಕಾರ್ಡಿಂಗ್ ಏನಾದರೂ ಇದೆಯೇ ಎಂದು ಕೇಳಿದರು. ನಾನು ಎದೆಯುಬ್ಬಿಸಿ ಹೇಳಿದೆ, ಸಾವಿರದ ಇನ್ನೂರು ಗಂಟೆ.

ಸುಳ್ಳಲ್ಲ. ಕಣ್ಣು ಕಾಣದ ಮಕ್ಕಳಿಗಾಗಿ ಗ್ರಂಥಾಲಯದವರು ಪಠ್ಯಪುಸ್ತಕಗಳನ್ನು ಓದಿಸಿ ರೆಕಾರ್ಡ್ ಮಾಡಿಸುತ್ತಾರೆ. ಹನ್ನೆರಡು ವರ್ಷ ಇವಳು ಓದಿದಳು, ನಾನು ಸರಿಪಡಿಸಿದೆ. ನಲವತ್ತೈದು ಪುಸ್ತಕ ಮುಗಿದು ನಲವತ್ತಾರನೆಯದರಲ್ಲಿ ಎರಡು ಪಾಠ ಉಳಿದಿವೆ.

ಮನೆಯಲ್ಲಿ ಒಬ್ಬಳು ಎಲ್ಲವನ್ನೂ ಬರೆದೇ ಹೇಳಬೇಕಾಗಿದೆ. ನಾನೂ ಬರೆಯೋಣ ಅನ್ನಿಸಿ ಈ ನೋಟ್‌ಬುಕ್ ತಂದೆ. ಪ್ರೆಸ್ಸಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಬೇರೆಯವರ ಬರಹದ ತಪ್ಪು ತಿದ್ದುತ್ತಿದ್ದೇನೆ. ಇದರಲ್ಲಿ ಒಂದಕ್ಷರವನ್ನೂ ತಿದ್ದುವುದಿಲ್ಲ ಎಂದುಕೊಂಡಿದ್ದೇನೆ, ನೋಡಬೇಕು.

ಜೂನ್ 5, ಬುಧವಾರ

ನಾಳೆಬನ್ನಿಯ ಅಂಗಡಿಗೆ ಹೋಗಿದ್ದೆವು. ಕಂಪ್ಯೂಟರ್ ಅಂಗಡಿಯವನಿಗೆ ಆ ಹೆಸರಿಟ್ಟವಳು ಇವಳೇ. ಹಳೆಯ ಕಂಪ್ಯೂಟರ್ ಕೂಡಿಸಿಕೊಟ್ಟವನೂ ಅವನೇ, ಆಗ ಹದಿನೇಳು ದಿನ ನಾಳೆ ಬನ್ನಿ ಎಂದಿದ್ದ. ಮೇಜಿನ ತುಂಬ ಸ್ಕ್ರೂಗಳು, ಗೋಡೆಯ ತುಂಬ ಖಾಲಿ ಡಬ್ಬಗಳು. ಇವಳನ್ನು ನೋಡಿ, ಏನಮ್ಮಾ ಇವತ್ತು ಸುಮ್ಮನಿದ್ದೀರಿ, ನನ್ನ ಮೇಲೆ ಕೋಪವಾ ಎಂದು ಕೇಳಿದ. ಇವಳು ಕುತ್ತಿಗೆಯ ಸ್ಕಾರ್ಫನ್ನು ಸ್ವಲ್ಪ ಸರಿಸಿ ತೋರಿಸಿದಳು. ಪಾಪ, ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಆಮೇಲೆ ಒಂದು ಗಂಟೆ ಅವನು ನನ್ನನ್ನು ಬಿಟ್ಟು ಅವಳ ಜೊತೆಯಲ್ಲೇ ಮಾತಾಡಿದ.

ಮನೆಗೆ ಬಣ್ಣ ಹೊಡೆಸಲು ಇಟ್ಟಿದ್ದ ಹಣವಿದೆ, ಅದರೊಳಗೇ ಆಗಬೇಕು. ನಾಳೆಬನ್ನಿ ಚೀಟಿ ನೋಡಿ ತಲೆ ಕೆರೆದುಕೊಂಡ. ಗ್ರಾಫಿಕ್ಸ್ ಕಾರ್ಡ್ ಒಂದೇ ಅರ್ಧ ಹಣ ನುಂಗುತ್ತದೆ. ಕಾರ್ಡ್ ದೊಡ್ಡದಾದರೆ ಪವರ್ ಸಪ್ಲೈ ದೊಡ್ಡದಾಗಬೇಕು, ಅವೆರಡೂ ಕೂರುವುದಕ್ಕೆ ಕ್ಯಾಬಿನೆಟ್ ದೊಡ್ಡದಾಗಬೇಕು. ಯಜಮಾನ ದಪ್ಪಗಾದ ಎಂದು ಮನೆಮಂದಿಯೆಲ್ಲ ಹೊಸ ಬಟ್ಟೆ ಹೊಲಿಸಿಕೊಂಡ ಹಾಗೆ. ಹಾಗಿದ್ದರೆ ಕಡಿಮೆ ಮಾಡುವುದು ಎಲ್ಲಿ ಎಂದು ಕೇಳಿದೆ. ಡಿಸ್ಕಿನಲ್ಲಿ ಎಂದ. ನಿಮಗೆ ತುಂಬಿಡುವುದು ಏನಿದೆ ಸಾರ್, ಚಿಕ್ಕದು ಸಾಕು.

ಇವಳು ಪುಟ್ಟ ಬಿಳಿ ಬೋರ್ಡ್ ತೆಗೆದು ಏನೋ ಬರೆಯಲು ಶುರುಮಾಡಿದಳು. ನಾನು ಆಯ್ತು, ಚಿಕ್ಕದೇ ಇರಲಿ ಎಂದುಬಿಟ್ಟಿದ್ದೆ. ಬರೆದದ್ದನ್ನು ಒರೆಸಿದಳು.

ಜೂನ್ 6, ಗುರುವಾರ

ಮೇಡಂ ಫೋನ್ ಮಾಡಿದ್ದರು. ಪಾಠ ಓದಿದ ಧ್ವನಿಗಿಂತ ಮನೆಯಲ್ಲಿ ಸಹಜವಾಗಿ ಮಾತಾಡಿದ್ದು ಒಳ್ಳೆಯದಂತೆ. ಕರೆದದ್ದು, ಕೇಳಿದ್ದು, ನಕ್ಕದ್ದು, ಜಗಳ ಆಡಿದ್ದು. ನಲವತ್ತು ನಿಮಿಷ ಇದ್ದರೆ ಸಾಕಂತೆ. ಸಾವಿರದ ಇನ್ನೂರು ಗಂಟೆಯಲ್ಲಿ ನಲವತ್ತು ನಿಮಿಷ ಸಿಗುವುದಿಲ್ಲವೇ ಎಂದೆ. ಭಾನುವಾರ ಹುಡುಕಿ ತೆಗೆಯಬೇಕು.

ಜೂನ್ 9, ಭಾನುವಾರ

ಸಿಗಲಿಲ್ಲ.

ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತೆ. ಭೂಗೋಳ ಇದೆ. ಪೌರನೀತಿ ಇದೆ. ಹೃದಯದ ನಾಲ್ಕು ಕೋಣೆಗಳು ಇವೆ, ಇವಳು ಎಷ್ಟು ಚೆನ್ನಾಗಿ ಓದಿದ್ದಾಳೆ. ಇವಳು ಎಲ್ಲೂ ಇಲ್ಲ.

ಕೆಲಸ ಹೀಗಿತ್ತು. ಕಂಪ್ಯೂಟರಿನ ಫ್ಯಾನ್ ಗುಂಯ್ಗುಟ್ಟುವುದರಿಂದ ಅದನ್ನು ಆರಿಸಿ, ಕೈಯಗಲದ ರೆಕಾರ್ಡರ್ ಮುಂದೆ ಇವಳು ಓದುತ್ತಿದ್ದಳು. ನಡುವೆ ತಪ್ಪುತ್ತಿದ್ದಳು, ಕೆಮ್ಮುತ್ತಿದ್ದಳು, ರೀ ಈ ಲೇಖಕನಿಗೆ ಪೂರ್ಣವಿರಾಮ ಅಂದ್ರೆ ಅಲರ್ಜಿನಾ ಎನ್ನುತ್ತಿದ್ದಳು, ಪಕ್ಕದ ಮನೆಯವರ ಮಿಕ್ಸಿಗೆ ಶಾಪ ಹಾಕುತ್ತಿದ್ದಳು, ನಗು ಬಂದರೆ ಐದು ನಿಮಿಷ ಮತ್ತೆ ಓದಲು ಆಗುತ್ತಿರಲಿಲ್ಲ. ನಾನು ಆಮೇಲೆ ಕೂತು ಅದನ್ನೆಲ್ಲ ಕತ್ತರಿಸುತ್ತಿದ್ದೆ. ಉಸಿರು ಎಳೆದುಕೊಂಡ ಸದ್ದನ್ನೂ ಬಿಡುತ್ತಿರಲಿಲ್ಲ. ಗ್ರಂಥಾಲಯದ ಮೇಡಂ ನಿಮ್ಮಷ್ಟು ಸ್ವಚ್ಛವಾಗಿ ಯಾರೂ ಕೊಡುವುದಿಲ್ಲ ಎನ್ನುತ್ತಿದ್ದರು. ಡಿಸ್ಕ್ ಚಿಕ್ಕದು, ಜಾಗ ಸಾಲುತ್ತಿರಲಿಲ್ಲ. ಹಾಗಾಗಿ ಕತ್ತರಿಸಿದ್ದನ್ನು ಪ್ರತಿ ಭಾನುವಾರ ಪೂರ್ತಿ ಅಳಿಸಿಬಿಡುತ್ತಿದ್ದೆ. ಮನೆ ಗುಡಿಸಿದಷ್ಟೇ ನಿಷ್ಠೆಯಿಂದ.

ಆಪರೇಷನ್ನಿಗೆ ನಾಲ್ಕು ದಿನ ಮುಂಚೆ ಡಾಕ್ಟರು ಹೇಳಿದ್ದರು, ಇವರು ಮಾತಾಡಿದ್ದನ್ನು ಸ್ವಲ್ಪ ರೆಕಾರ್ಡ್ ಮಾಡಿಟ್ಟುಕೊಳ್ಳಿ ಎಂದು. ನಾನು ನಕ್ಕೆ. ನಮ್ಮ ಮನೆಯಲ್ಲಿ ಅದೊಂದಕ್ಕೆ ಬರವಿಲ್ಲ ಡಾಕ್ಟರೇ ಎಂದೆ. ಇವಳೂ ನಕ್ಕಳು. ಆಗ ಅದಕ್ಕೆ ಸದ್ದಿತ್ತು.

ಜೂನ್ 10, ಸೋಮವಾರ

ರಜೆ ಹಾಕಿದೆ. ತಲೆನೋವು ಎಂದೆ.

ಜೂನ್ 14, ಶುಕ್ರವಾರ

ನಾದಿನಿಗೆ ಫೋನ್ ಮಾಡಿ, ನಿಮ್ಮಕ್ಕ ಮಾತಾಡಿದ ವಿಡಿಯೋ ಏನಾದರೂ ಇದೆಯಾ ಎಂದು ಕೇಳಿದೆ. ಎರಡು ನಿಮಿಷದ್ದೊಂದು ಕಳಿಸಿದಳು. ಯಾರದೋ ಮದುವೆ, ವಾದ್ಯದ ಗದ್ದಲ. ಫೋನ್ ಹಿಡಿದಿರುವುದು ಇವಳೇ. ಎಲ್ಲರೂ ಇಲ್ಲಿ ನೋಡಿ, ಇಲ್ಲಿ, ಎನ್ನುವುದು ಅರ್ಧ ಕೇಳಿಸುತ್ತದೆ. ಅಷ್ಟೇ. ಫೋನಿನಲ್ಲಿ ಮಾತನ್ನು ರೆಕಾರ್ಡ್ ಮಾಡಿ ಕಳಿಸುವುದು ಇವಳಿಗೆ ಆಗುತ್ತಿರಲಿಲ್ಲ. ದಿನವೆಲ್ಲ ಮೈಕಿಗೆ ಹೇಳಿದ್ದು ಸಾಲದಾ ಎಂದು ಟೈಪ್ ಮಾಡಿಯೇ ಕಳಿಸುತ್ತಿದ್ದಳು.

ನಾದಿನಿ ಕೇಳಿದಳು, ಭಾವಾ, ನಿಮ್ಮ ಹತ್ತಿರ ಇಲ್ಲದೆ ನನ್ನ ಹತ್ತಿರ ಇರುತ್ತಾ?

ಸಂಜೆ ಒಬ್ಬನೇ ನಾಳೆಬನ್ನಿಯ ಹತ್ತಿರ ಹೋಗಿ, ಅಂಗಡಿಯಲ್ಲಿರುವ ಅತಿ ದೊಡ್ಡ ಡಿಸ್ಕ್ ಹಾಕು ಎಂದೆ. ಅವನು ಪಟ್ಟಿ ತೋರಿಸಿದ. ಅದನ್ನು ಹಾಕಿದರೆ ಕಾರ್ಡ್ ಬಿಡಬೇಕು, ಕಾರ್ಡ್ ಬಿಟ್ಟರೆ ಧ್ವನಿ ಇಲ್ಲ. ಈಗ ಎಲ್ಲ ಇಡಬೇಕು ಎಂದು ಎದೆ ಬಡಿದುಕೊಳ್ಳುತ್ತಿದ್ದೇನೆ, ಇಡಲು ಏನೂ ಉಳಿದಿಲ್ಲ. ಕಾರ್ಡೇ ಇರಲಿ ಎಂದು ಬಂದೆ. ಒಂದು ವಿಷಯಕ್ಕೆ ಮಾತ್ರ ಅವನು ಹಟ ಹಿಡಿದ. ಕಾರ್ಡ್ ಇಲ್ಲದಿದ್ದರೂ ಪರದೆ ತೋರಿಸುವಂಥ ಪ್ರೊಸೆಸರನ್ನೇ ತೆಗೆದುಕೊಳ್ಳಿ, ಒಂದು ದಿನ ಬೇಕಾಗುತ್ತದೆ ಎಂದ. ಸರಿ ಎಂದೆ, ವಾದ ಮಾಡುವ ಶಕ್ತಿ ಇರಲಿಲ್ಲ.

ಜೂನ್ 15, ಶನಿವಾರ

ಹೇಳಿಬಿಟ್ಟೆ.

ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಸುಲಿಯುತ್ತಿದ್ದಳು. ಎದುರಿಗೆ ಕೂತು ನಾನೂ ನಾಲ್ಕು ಸುಲಿದೆ. ಆಮೇಲೆ ಎಲ್ಲವನ್ನೂ ಹೇಳಿದೆ. ನಿನ್ನ ಮಾತು ಒಂದೂ ಇಲ್ಲ, ನಾನೇ ಅಳಿಸಿದೆ, ಪ್ರತಿ ವಾರ ಅಳಿಸಿದೆ. ನನ್ನ ದನಿ ನಡುಗಿತು. ದನಿ ಇರುವವನಿಗೆ ಅದಾದರೂ ಇದೆ ಎನ್ನಿಸಿ ನಾಚಿಕೆಯಾಯಿತು.

ಇವಳು ಕೈ ಒರೆಸಿಕೊಂಡು ಬೋರ್ಡ್ ತೆಗೆದುಕೊಂಡಳು. ನನ್ನ ಕಡೆ ಬೆನ್ನು ಮಾಡಿ ಕಿಟಕಿಯ ಹತ್ತಿರ ನಿಂತು ತುಂಬ ಹೊತ್ತು ಬರೆದಳು. ಪೆನ್ನಿನ ಕಿರ್ ಕಿರ್ ಮಾತ್ರ. ಕೆಳಗಿನ ಅಂಚಿಗೆ ಬಂದು, ಪಕ್ಕದ ಜಾಗದಲ್ಲೂ ಓರೆಯಾಗಿ ಬರೆದಳು. ತಿರುಗುವ ಮೊದಲು ಸೆರಗಿನಿಂದ ಎಲ್ಲವನ್ನೂ ಒರೆಸಿಬಿಟ್ಟಳು. ಮತ್ತೆ ಒಂದೇ ಸಾಲು ಬರೆದು ತೋರಿಸಿದಳು.

"ಡಿಸ್ಕ್ ದೊಡ್ಡದು ತಗೊಳ್ಳೋಣ ಅಂತ ಆವಾಗ್ಲೇ ಹೇಳಿದ್ದೆ."

ಹೌದು, ಹೇಳಿದ್ದಳು. ಹನ್ನೆರಡು ವರ್ಷದ ಹಿಂದೆ ಅದೇ ಅಂಗಡಿಯಲ್ಲಿ. ಬೇಡದ್ದನ್ನೆಲ್ಲ ಇಟ್ಟುಕೊಂಡು ಏನು ಮಾಡ್ತೀಯಾ ಎಂದಿದ್ದೆ ನಾನು.

ಮೊದಲು ಏನು ಬರೆದೆ ಎಂದು ಕೇಳಿದೆ. ಬಟಾಣಿ ಸುಲಿಯುತ್ತ ಕೂತಳು. ಎರಡನೆಯ ಸಲ ಕೇಳುವ ಧೈರ್ಯವಾಗಲಿಲ್ಲ.

ಜೂನ್ 21, ಶುಕ್ರವಾರ

ಕಂಪ್ಯೂಟರ್ ಬಂತು. ನಾಳೆಬನ್ನಿ ತಾನೇ ಹೊತ್ತು ತಂದ, ಒಂದು ದಿನ ಮೊದಲೇ. ಇವಳು ಬಾಗಿಲಲ್ಲಿ ನಿಂತು ಆಕಾಶ ನೋಡಿದಳು, ಸೂರ್ಯ ಯಾವ ಕಡೆ ಹುಟ್ಟಿದ್ದಾನೆ ಎಂದು. ಅವನಿಗೂ ಅರ್ಥವಾಯಿತು, ನಕ್ಕ.

ಕಪ್ಪು ಪೆಟ್ಟಿಗೆ, ಮುಂದೆ ದೊಡ್ಡ ಫ್ಯಾನ್. ಒತ್ತಿದ ಮೇಲೂ ಆನ್ ಆಯಿತೋ ಇಲ್ಲವೋ ತಿಳಿಯುವುದಿಲ್ಲ, ಅಷ್ಟು ಸದ್ದಿಲ್ಲ. ನಾಳೆಬನ್ನಿ ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗುತ್ತದೆ, ಅದಕ್ಕೇ ಎಂದು ವಿವರಿಸಿದ. ಹಳೆಯ ಕಂಪ್ಯೂಟರಿನದೆಲ್ಲವನ್ನೂ ಹೊಸದಕ್ಕೆ ತುಂಬಿಸಿದ. ಪಾಠಗಳು ತುಂಬಿದ ಮೇಲೆ ಡಿಸ್ಕಿನಲ್ಲಿ ಸ್ವಲ್ಪವೇ ಜಾಗ ಉಳಿಯಿತು. ಕಾರ್ಡ್ ಬೇಡ ಎನ್ನಿಸಿದರೆ ಹದಿನೈದು ದಿನದೊಳಗೆ ತಂದುಕೊಡಿ, ಬೇರೆ ಏನಾದರೂ ಕೊಡುತ್ತೇನೆ ಎಂದು ಹೇಳಿಹೋದ.

ಸಹಜವಾದ ಮಾತಿಲ್ಲ ಎಂದು ತರಬೇತಿಯ ಮೇಡಂಗೆ ಹೇಳಿದ್ದೇನೆ. ಇದ್ದುದರಲ್ಲೇ ಮಾಡೋಣ ಎಂದರು. ಅವರು ಫೋನಿನಲ್ಲಿ ಹೇಳಿಕೊಟ್ಟಂತೆ ಪಾಠಗಳನ್ನು ಪ್ರೋಗ್ರಾಮಿಗೆ ಕೇಳಿಸಲು ಹಾಕಿದೆ.

ಜೂನ್ 24, ಸೋಮವಾರ

ಇವತ್ತು ಅದು ಮಾತಾಡಿತು.

ಇವಳು ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಬಂದು ಕೂತಳು. ಬೆರಳು ಕೀಲಿಗಳ ಮೇಲಿಟ್ಟುಕೊಂಡು ಯೋಚಿಸಿದಳು. ಮೊದಲು ಟೈಪ್ ಮಾಡಿದ್ದು, ಟೀ ಇಡಿ. ಧ್ವನಿ ಬಂತು. ಇವಳದೇ. ಆದರೆ ಅದು ಟೀ ಇಡಿ ಎಂದದ್ದು ಭೂಮಿಯು ಸೂರ್ಯನ ಸುತ್ತ ಸುತ್ತುತ್ತದೆ ಎನ್ನುವ ರೀತಿಯಲ್ಲಿ. ಪರೀಕ್ಷೆಯಲ್ಲಿ ಬರಬಹುದು, ಬರೆದುಕೊಳ್ಳಿ ಎಂಬಂತೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಇವಳು ಇನ್ನೂ ನಾಲ್ಕು ಹೇಳಿಸಿದಳು. ನಿಮಗೆ ತಲೆ ಇದೆಯೇ ಎನ್ನುವುದನ್ನೂ ಅದು ತಾಳ್ಮೆಯಿಂದ, ಮಕ್ಕಳಿಗೆ ತಿಳಿಯುವಂತೆ ಕೇಳಿತು.

ಆಮೇಲೆ ಇವಳು ಒಂದೇ ಅಕ್ಷರ ಟೈಪ್ ಮಾಡಿದಳು. ರೀ.

ಅದು ಹೇಳಿತು. ಮಗ್ಗಿಯ ಪುಸ್ತಕದಿಂದ ಒಂದು ಅಕ್ಷರವನ್ನು ಬೆರಳಿಟ್ಟು ಓದಿದ ಹಾಗೆ. ನಲವತ್ತಾರು ಪಠ್ಯಪುಸ್ತಕಗಳಲ್ಲಿ ಯಾರೂ ಯಾರನ್ನೂ ರೀ ಎಂದು ಕರೆದಿಲ್ಲ. ಇವಳು ಮತ್ತೆ ಒತ್ತಿದಳು. ಮತ್ತೆ ಹಾಗೇ. ಬಚ್ಚಲಿನಿಂದ ಟವೆಲಿಗೆ ಕೂಗುವ ರೀ ಬೇರೆ ಇತ್ತು, ನಾನು ಸುಳ್ಳು ಹೇಳುವಾಗಿನ ರೀ ಬೇರೆ, ಆಪರೇಷನ್ ಕೋಣೆಯ ಬಾಗಿಲಲ್ಲಿ ಸ್ಟ್ರೆಚರಿನ ಮೇಲಿಂದ ಅಂದ ರೀ ಬೇರೆ. ಏಳೆಂಟು ಸಲ ಒತ್ತಿದಳು. ಪ್ರತಿ ಸಲವೂ ಒಂದೇ.

ಇವಳು ಬೋರ್ಡಿನ ಮೇಲೆ ಬರೆದಳು, "ಇವಳು ಯಾರೋ ಟೀಚರು. ನಾನಲ್ಲ." ಆರಿಸಿ ಎದ್ದುಹೋಗಿ ಮಲಗಿದಳು. ಒಳ್ಳೆಯ ಸೀರೆಯಲ್ಲೇ.

ಜೂನ್ 25, ಮಂಗಳವಾರ

ನನ್ನನ್ನು ಕೊಂದುಬಿಟ್ಟಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಇವಳು ಬೈಯಲೂ ಇಲ್ಲ.

ಜೂನ್ 29, ಶನಿವಾರ

ಗ್ರಂಥಾಲಯದ ಮೇಡಂ ತುಂಬ ಸಂಕೋಚದಿಂದ ಕೇಳಿದರು. ಮಕ್ಕಳು ಕಾಯುತ್ತಿದ್ದಾರೆ, ಉಳಿದೆರಡು ಪಾಠವನ್ನು ಬೇರೆಯವರಿಂದ ಓದಿಸಲೇ ಎಂದು. ಇವಳು ಎದುರಿಗೇ ಇದ್ದಳು. ತಲೆ ಆಡಿಸಿದಳು, ಆಗಲಿ ಎಂದು. ಸರಿ, ಹೊಸಬರಿಗೆ ಬೇಕಾಗಬಹುದೆಂದು ಆ ಪುಸ್ತಕದ ಕೋಣೆಯನ್ನು ಹುಡುಕಿದೆ.

ಕೋಣೆ ಎನ್ನುವುದು ನಮ್ಮ ಮಾತು. ಪ್ರತಿ ಪುಸ್ತಕ ಶುರುಮಾಡುವಾಗ ಒಂದು ನಿಮಿಷ ಯಾರೂ ಮಾತಾಡದೆ, ಅಲ್ಲಾಡದೆ ಕೂತು ಖಾಲಿ ಕೋಣೆಯ ಸದ್ದನ್ನು ರೆಕಾರ್ಡ್ ಮಾಡುತ್ತಿದ್ದೆವು. ಕೆಮ್ಮು ಕತ್ತರಿಸಿದ ಜಾಗಕ್ಕೆ ಆ ಮೌನದ ತುಂಡು ಅಂಟಿಸಿದರೆ ತೇಪೆ ಗೊತ್ತಾಗುವುದಿಲ್ಲ. ನಾನು ಯಾವಾಗಲೂ ನಡುವಿನಿಂದ ಒಂದೆರಡು ಸೆಕೆಂಡ್ ಕತ್ತರಿಸಿಕೊಳ್ಳುತ್ತಿದ್ದೆ. ಕೊನೆಯವರೆಗೆ ಕೇಳುವ ಕೆಲಸವೇ ಬಿದ್ದಿರಲಿಲ್ಲ.

ಇವತ್ತು ಹಚ್ಚಿ, ನಿಲ್ಲಿಸಲು ಮರೆತು ಕೂತೆ. ಹೊಸ ಕಂಪ್ಯೂಟರಿನ ಸದ್ದಿಲ್ಲದ್ದರಿಂದ ಎಲ್ಲ ಕೇಳಿಸುತ್ತಿತ್ತು. ಎಲ್ಲೋ ದೂರದ ಹಾರ್ನ್, ಗೋಡೆ ಗಡಿಯಾರ, ನನ್ನ ಕುರ್ಚಿ. ಇವಳ ಉಸಿರು. ಮೂಗಿನಿಂದ ಬರುವ ಉಸಿರು, ಈಗ ಕುತ್ತಿಗೆಯಿಂದ ಬರುವುದಲ್ಲ. ನಿಮಿಷ ಮುಗಿಯಿತು, ರೆಕಾರ್ಡರ್ ಓಡುತ್ತಲೇ ಇತ್ತು.

"ರೀ... ಆಯ್ತಾ?"

"ಶ್..."

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಇವಳು ಒದ್ದೆ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು.

ನಲವತ್ತಾರು ಕೋಣೆಗಳನ್ನೂ ಕೇಳಿದೆವು, ಪಕ್ಕಪಕ್ಕ ಕೂತು. ಹತ್ತೊಂಬತ್ತರಲ್ಲಿ ಇವಳಿದ್ದಾಳೆ. ರೀ ಆಯ್ತಾ. ಆಯ್ತೇನ್ರೀ. ರೀ, ಕಾಲು ಜೋಮು ಹಿಡೀತು. ಪ್ರತಿಯೊಂದಕ್ಕೂ ಇವಳ ತುಟಿ ಜೊತೆಯಲ್ಲೇ ಅಲುಗುತ್ತಿತ್ತು. ಹನ್ನೊಂದು ಕಡೆ ನಾನಿದ್ದೇನೆ. ಹನ್ನೊಂದು ಕಡೆಯೂ ಶ್ ಎಂದಿದ್ದೇನೆ. ಬೇರೇನೂ ಅಂದಿಲ್ಲ. ಅತ್ತುಬಿಟ್ಟೆ. ಇವಳು ನನ್ನ ತಲೆಯ ಮೇಲೆ ಕೈಯಿಟ್ಟು ಕೂತಿದ್ದಳು. ಅಳು ನಿಂತ ಮೇಲೆ ಮತ್ತೊಂದು ಸಲ ಹಚ್ಚಿ ಅಂದಳು.

ಎಲ್ಲ ಸೇರಿಸಿದರೆ ಒಂದು ನಿಮಿಷವೂ ಆಗುವುದಿಲ್ಲ. ಆದರೂ ಪ್ರೋಗ್ರಾಮಿಗೆ ಕೇಳಿಸಿ ನೋಡೋಣವಾ ಎಂದೆ. ಸಟ್ಟನೆ ನನ್ನ ಕೈ ಹಿಡಿದುಕೊಂಡಳು. ಅದಕ್ಕೆ ಕೊಡಬೇಡಿ, ಇದು ನಮ್ಮದು ಅಂದಳು.

ಜೂಲೈ 2, ಮಂಗಳವಾರ

ಗ್ರಾಫಿಕ್ಸ್ ಕಾರ್ಡನ್ನು ನಾಳೆಬನ್ನಿಗೆ ವಾಪಸ್ ಕೊಟ್ಟೆವು. ಅವನು ಕಾರಣ ಕೇಳಲಿಲ್ಲ. ಬದಲಿಗೆ ಏನು ಕೊಡಲಿ ಎಂದ. ಡಿಸ್ಕ್ ಅಂದಳು. ಒಂದು ತೋರಿಸಿದ, ಇನ್ನೂ ದೊಡ್ಡದು ಅಂದಳು. ಇನ್ನೊಂದು ತೋರಿಸಿದ, ಅದಕ್ಕಿಂತ ದೊಡ್ಡದು ಅಂದಳು. ಇಷ್ಟರಲ್ಲಿ ಏನಮ್ಮಾ ತುಂಬುತ್ತೀರಿ ಎಂದು ಕೇಳಿದ. ಇವಳು ನನ್ನ ಕಡೆ ಬೆರಳು ತೋರಿಸಿ, ಇವರ ಅಧಿಕಪ್ರಸಂಗವನ್ನೆಲ್ಲ ಅಂದಳು. ನಾನು ಹಾಗೇ ಅವನಿಗೆ ಹೇಳಿದೆ.

ಅವನೇ ಜಾಣ. ಕಾರ್ಡಿಲ್ಲದೆಯೂ ಪರದೆ ಬಂತು.

ಬೋರ್ಡನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೇವೆ ಎಂದು ಈಗ ನೆನಪಾಯಿತು. ನಾಳೆ ಹೋಗಿ ತರಬೇಕು.

ಬರುವಾಗ ಇವಳು ಗ್ರಂಥಾಲಯದ ದಾರಿ ಹಿಡಿದಳು. ಉಳಿದ ಎರಡು ಪಾಠ ಬೇರೆ ಯಾರಿಗೂ ಬೇಡ, ನೀವೇ ಓದಿ, ನಾನು ಕೂತು ತಿದ್ದುತ್ತೇನೆ ಅಂದಳು. ನನ್ನ ದನಿ ಒಡೆದ ಕೊಡದ ಹಾಗಿದೆ ಎಂದೆ. ಅದು ಗೊತ್ತಿದೆ ಅಂದಳು.

ಜೂಲೈ 7, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೆ ಶುರುಮಾಡಿದೆವು. ಈ ಕಂಪ್ಯೂಟರನ್ನು ಆರಿಸಬೇಕಾಗಿಲ್ಲ, ಅದರಲ್ಲೇ ನೇರವಾಗಿ ರೆಕಾರ್ಡ್ ಮಾಡಬಹುದು. ಇವಳು ಹೆಡ್‌ಫೋನ್ ಹಾಕಿಕೊಂಡು ನನ್ನ ಜಾಗದಲ್ಲಿ ಕೂತಳು, ನಾನು ಇವಳ ಜಾಗದಲ್ಲಿ. ನಾಲ್ಕು ಪುಟ ಓದಲು ಎರಡು ಗಂಟೆ. ಅವಸರ ಮಾಡಬೇಡಿ ಅಂದಳು. ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಒಂದೇನಾ ನಿಮಗೆ ಅಂದಳು. ನೀರು ಕುಡಿದು ಬನ್ನಿ ಅಂದಳು. ಹನ್ನೆರಡು ವರ್ಷ ಇವಳನ್ನು ಹೀಗೇ ಗೋಳು ಹುಯ್ದುಕೊಂಡಿದ್ದೇನೆ, ಬಡ್ಡಿ ಸಮೇತ ತೀರಿಸಿಕೊಂಡಳು. ಒಂದು ಸಲ ನಾನು ಪುಟ ತಿರುಗಿಸುವುದನ್ನು ಮರೆತು ಹಿಂದಿನ ಪುಟವನ್ನೇ ಮತ್ತೆ ಓದಿದೆ, ಇವಳು ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಅದೂ ಡಿಸ್ಕಿನಲ್ಲಿದೆ, ನನ್ನ ನಗು, ಕುರ್ಚಿಯ ಸದ್ದು ಎಲ್ಲ. ಗ್ರಂಥಾಲಯಕ್ಕೆ ಸ್ವಚ್ಛ ಮಾಡಿದ್ದು ಕೊಟ್ಟು, ಪೂರ್ತಿಯದನ್ನು ನಾವು ಇಟ್ಟುಕೊಳ್ಳುವುದು ಎಂದಾಗಿದೆ.

ಶುರುವಿನಲ್ಲೇ ಮಾಡಬೇಕಾದದ್ದನ್ನು ಕೊನೆಯಲ್ಲಿ ನೆನಪಿಸಿದಳು. ಕೋಣೆ ಹಿಡಿಯಲಿಲ್ಲ ಅಂದಳು.

ಇಬ್ಬರೂ ಸುಮ್ಮನೆ ಕೂತೆವು. ಬಿಸಿಲು ನೆಲದ ಮೇಲಿತ್ತು. ಒಂದು ನಿಮಿಷ ಎಷ್ಟು ಉದ್ದ. ಇವಳನ್ನೇ ನೋಡುತ್ತಿದ್ದೆ. ಆ ಹತ್ತೊಂಬತ್ತು ಸಲ ನಾನು ಗಡಿಯಾರ ನೋಡುತ್ತಿದ್ದೆ. ಮುಗಿಯಿತು.

ರೀ, ಆಯ್ತಾ ಅಂದಳು.

"ಆಯ್ತು ಕಣೇ," ಎಂದೆ.

ಆಮೇಲೆ ಕೇಳಿ ನೋಡಿದೆವು. ಗಡಿಯಾರ ಇದೆ. ಇವಳ ಕುತ್ತಿಗೆಯ ಪುಟ್ಟ ರಂಧ್ರದಿಂದ ಬರುವ ಉಸಿರು ಇದೆ, ಸ್ವಲ್ಪ ಸುಯ್ಗುಟ್ಟುತ್ತದೆ, ಪೂರ್ತಿ ಒಂದು ನಿಮಿಷ. ಕೊನೆಯಲ್ಲಿ ನನ್ನ ದನಿ ಒಂದೇ ಇದೆ. ಯಾರೂ ಏನೂ ಕೇಳದಿದ್ದರೂ ಒಬ್ಬ ಗಂಡಸು ತನ್ನಷ್ಟಕ್ಕೆ ಆಯ್ತು ಕಣೇ ಎನ್ನುತ್ತಾನೆ. ನನಗೆ ಗಲಿಬಿಲಿಯಾಯಿತು. ಎಲ್ಲೋ ಕತ್ತರಿಸಿ ಹೋಗಿದೆ ಎಂದುಕೊಂಡು ಹಿಂದಕ್ಕೆ ಸರಿಸಿ ಮತ್ತೆ ಕೇಳಿದೆ, ಮತ್ತೂ ಒಂದು ಸಲ. ಅವಳು ತುಟಿಯಲ್ಲೇ ಕೇಳಿದ್ದಳು, ನಾನು ಕೇಳಿಸಿಕೊಂಡಿದ್ದೆ.

ಇವಳು ಹಾಗೇ ಇಡಿ ಅಂದಳು. ಹಾಗೇ ಇಟ್ಟೆ.